ಕೆಂಚನ ದೋಣಿ

ನವೆಂಬರ್ ೪, ಸೋಮವಾರ

ಸೀಟಿ ಊದಿ ಊದಿ ದವಡೆ ಹಿಡಿದುಕೊಂಡಿದೆ. ಕಮಲ ಮಹಲಿನ ಕಟ್ಟೆ ಹತ್ತಿ ಒಬ್ಬಳು ಕುಣಿಯುತ್ತಿದ್ದಳು, ಇನ್ನೊಬ್ಬಳು ಮೊಬೈಲಿನಲ್ಲಿ ಹಿಡಿಯುತ್ತಿದ್ದಳು. "ಇಳೀರಿ ಕೆಳಗ" ಎಂದರೆ "ಆಂಟಿ, ಎರಡೇ ನಿಮಿಷ" ಅಂತೆ. ಯಾರಿಗೆ ಆಂಟಿ? ಹನ್ನೊಂದು ವರ್ಷದಿಂದ ಹಂಪಿಯ ಕಲ್ಲುಗಳಿಗೆ ಕಾವಲು ನಿಂತಿದ್ದೇನೆ. ಅವರ ಎರಡು ನಿಮಿಷಕ್ಕೆ ಒಂದು ಚಕ್ಕೆ ಉದುರಿದರೂ ಉತ್ತರ ಕೊಡಬೇಕಾದವಳು ನಾನು.

ಕೆಂಚ ಇವತ್ತು ನನ್ನ ಹಿಂದೆ ಸುತ್ತು ಹಾಕಲಿಲ್ಲ. ಆನೆ ಲಾಯದ ಹಿಂದಿನ ಪೊದೆಯಲ್ಲಿ ಸಿಕ್ಕ ನಾಯಿಮರಿ ಅದು, ಒಂಬತ್ತು ವರ್ಷವಾಯಿತು. ಅಂದಿನಿಂದ ಕಮಲಾಪುರದ ಮನೆಯಿಂದ ನನ್ನ ಸ್ಕೂಟಿಯಲ್ಲಿ ಕಾಲಿಡುವ ಜಾಗದಲ್ಲಿ ಕುಳಿತು ದಿನಾ ಡ್ಯೂಟಿಗೆ ಬರುತ್ತಾನೆ. ರಜೆ ಕೇಳಿದವನಲ್ಲ. ಇವತ್ತು ಬೇವಿನ ನೆರಳಿನಲ್ಲಿ ಮಲಗಿಬಿಟ್ಟ. ಹೋಗಿ ಕತ್ತು ತುರಿಸಿದೆ. ಗಲ್ಲದ ಕೆಳಗೆ ಎರಡೂ ಕಡೆ ನಿಂಬೆಕಾಯಿಯಷ್ಟು ದಪ್ಪದ ಗಂಟು ಕೈಗೆ ಸಿಕ್ಕಿತು. ಹೋದ ವಾರ ಇರಲಿಲ್ಲ, ದೇವರಾಣೆ ಇರಲಿಲ್ಲ.

ಸಂಜೆ ಓಬಳಪ್ಪನಿಗೆ ತೋರಿಸಿದೆ. ನನ್ನ ಗಂಡ. ಆಟೋ ಓಡಿಸುತ್ತಾನೆ. "ಹಲ್ಲಿನ ಬಾವು ಇರಬೇಕು, ಅರಿಶಿಣ ಹಚ್ಚು" ಎಂದ. ಇವನಿಗೆ ಎಲ್ಲದಕ್ಕೂ ಅರಿಶಿಣ.

ನವೆಂಬರ್ ೭, ಗುರುವಾರ

ಓಬಳಪ್ಪನ ಆಟೋದಲ್ಲೇ ಹೊಸಪೇಟೆಗೆ ಹೋದೆವು. ನಾಯಿ ಡಾಕ್ಟರು ಸಂಘಮಿತ್ರಾ ಅಂತ, ಇನ್ನೂ ಚಿಕ್ಕ ಹುಡುಗಿ. ಗಲ್ಲ ಮುಟ್ಟಿದಳು, ಭುಜದ ಮುಂದೆ ಮುಟ್ಟಿದಳು, ಹಿಂಗಾಲಿನ ಮೊಣಕಾಲ ಹಿಂದೆ ಮುಟ್ಟಿದಳು. ಅಲ್ಲೆಲ್ಲ ಗಂಟು ಇತ್ತು. ನಾನು ನೋಡಿಯೇ ಇರಲಿಲ್ಲ! ದಿನಾ ಸ್ನಾನ ಮಾಡಿಸುವ ಕೈ ಇದೇನಾ ಅನಿಸಿತು.

ಸೂಜಿಯಲ್ಲಿ ಗಂಟಿನ ನೀರು ತೆಗೆದು ಗಾಜಿನ ಮೇಲೆ ಸವರಿದಳು. ಪರೀಕ್ಷೆಗೆ ಕಳಿಸಬೇಕಂತೆ. ಕೆಂಚ ಅಲ್ಲಾಡದೆ ನಿಂತಿದ್ದ. "ಏನು ಜಾಣ ಅದಾನ್ರಿ ಅಕ್ಕಾ" ಎಂದಳು. ಜಾಣನೇ. ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಜಾಣ.

ನವೆಂಬರ್ ೧೪, ಗುರುವಾರ

ಕೆಂಚನಿಗೆ ಕ್ಯಾನ್ಸರ್. ಮನುಷ್ಯರಿಗೆ ಬರುತ್ತದಲ್ಲ, ಅದೇ.

"ಕುಂದ್ರಿ ಅಕ್ಕಾ ಮೊದಲ" ಎಂದು ಹೇಳಿದಳು ಡಾಕ್ಟರು. "ಮೈಯಾಗಿನ ಗಂಟೆಲ್ಲಾ ಹಿಡದೈತಿ. ವಾಸಿ ಆಗಲ್ರಿ. ಬೆಂಗಳೂರಿನಾಗ ವಾರ ವಾರ ಇಂಜೆಕ್ಷನ್ ಹಾಕ್ತಾರ, ಅದೂ ಸ್ವಲ್ಪ ದಿನ ಮುಂದಕ್ಕ ತಳ್ಳತೈತಿ ಅಷ್ಟ. ಇಲ್ಲೇ ಗುಳಿಗಿ ಕೊಡ್ತೀನಿ. ಎರಡು ತಿಂಗಳು, ಭಾಳ ಅಂದ್ರ ಮೂರು ತಿಂಗಳು ಆರಾಮ ಇರ್ತಾನ. ನಡುವ ಬಿಡಬ್ಯಾಡ್ರಿ."

ವಾರ ವಾರ ಬೆಂಗಳೂರು ನಮ್ಮಿಂದಾಗುವ ಮಾತಲ್ಲ. ದಾರಿಯುದ್ದಕ್ಕೂ ಕೆಂಚ ಆಟೋದಿಂದ ತಲೆ ಹೊರಗೆ ಹಾಕಿ ಗಾಳಿ ಕುಡಿಯುತ್ತಿದ್ದ.

ಮನೆಗೆ ಬಂದ ಕೂಡಲೆ ಓಬಳಪ್ಪ ದೇವರ ಗೂಡಿನಿಂದ ಭಂಡಾರದ ಅರಿಶಿಣ ತಂದು ಕೆಂಚನ ಹಣೆಗೆ ಬಳಿದ. "ಮೈಲಾರಲಿಂಗಾ, ಇಂವ ನಿನ್ನ ನಾಯಿ. ಉಳಿಸಿಕೊಡು. ದೋಣಿ ತುಂಬಸ್ತೀನಿ" ಎಂದು ಹರಕೆ ಹೊತ್ತ.

ನನ್ನ ಗಂಡ ಗೊರವಯ್ಯ. ಮದುವೆಯಾದ ಮೇಲೆ ನನಗೆ ತಿಳಿದದ್ದು. ಅವರ ಮನೆಯ ಹಿರಿಯ ಮಗ ಮೈಲಾರನ ನಾಯಿಯಾಗಬೇಕಂತೆ. ಭಾನುವಾರ ಯಾರ ಮನೆಯಲ್ಲಾದರೂ ಹರಕೆ ಇದ್ದರೆ ಕರೆಯುತ್ತಾರೆ. ಇವನು ಕರಿ ಕಂಬಳಿಯ ಅಂಗಿ ತೊಟ್ಟು, ಗಂಟೆ ಕಟ್ಟಿಕೊಂಡು ಹೋಗುತ್ತಾನೆ. ಅವರು ದೋಣಿಯಲ್ಲಿ, ಅಂದರೆ ಉದ್ದನೆಯ ಮರದ ಬಟ್ಟಲಿನಲ್ಲಿ, ಹಾಲು, ಬಾಳೆಹಣ್ಣು, ತುಪ್ಪ, ಬೆಲ್ಲ ತುಂಬಿಸಿಡುತ್ತಾರೆ. ಇವನು ನಾಲ್ಕು ಕಾಲಲ್ಲಿ ಬೊಗಳುತ್ತ ಹೋಗಿ ಬಾಯಿ ಹಾಕಿ ಉಣ್ಣುತ್ತಾನೆ. ಪಿಯುಸಿ ಪಾಸಾದವಳ ಗಂಡ! ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ನೋಡಲು ಹೋಗಿಲ್ಲ ನಾನು. ಮಗಳು ಸ್ಫೂರ್ತಿಗೂ ಶಾಲೆಯಲ್ಲಿ ಹೇಳಬೇಡ ಎಂದಿದ್ದೆ.

ಇವತ್ತು ಮಾತ್ರ ಅವನ ಹರಕೆಗೆ ನಾನೂ ಕೈ ಮುಗಿದೆ. ಯಾವ ದೇವರಿಗೆ ಎಂದಿದ್ದರೂ ಮುಗಿಯುತ್ತಿದ್ದೆ.

ನವೆಂಬರ್ ೧೯, ಮಂಗಳವಾರ

ಗಂಟಿಲ್ಲ! ಒಂದೂ ಇಲ್ಲ!

ಬೆಳಗ್ಗೆ ಗಲ್ಲದ ಕೆಳಗೆ ಕೈ ಹಾಕಿದರೆ ಬರೀ ಚರ್ಮ. ನನ್ನ ಬೆರಳುಗಳೇ ಸತ್ತಿವೆಯೇನೋ ಎಂದು ಓಬಳಪ್ಪನ ಕೈ ಎಳೆದು ಇಡಿಸಿದೆ. ಅವನು ಮುಟ್ಟಿ, ಮತ್ತೆ ಮುಟ್ಟಿ, ನೆಲದ ಮೇಲೆ ಕುಳಿತುಬಿಟ್ಟ. ಕಣ್ಣು ತುಂಬಿತ್ತು. ಐದು ದಿನದ ಹಿಂದೆ ನಿಂಬೆಕಾಯಿಯಷ್ಟು ಇದ್ದದ್ದು ಎಲ್ಲಿಗೆ ಹೋಯಿತು? ಕೆಂಚ ಮೂರು ರೊಟ್ಟಿ ತಿಂದು ನಾಲ್ಕನೆಯದಕ್ಕೆ ನನ್ನ ಸೆರಗು ಎಳೆದ.

ಸ್ಫೂರ್ತಿ ಬಳ್ಳಾರಿಯ ಹಾಸ್ಟೆಲ್ಲಿನಿಂದ ವಿಡಿಯೋ ಕಾಲ್ ಮಾಡಿದಳು. "ಗುಳಿಗಿ ಕೆಲಸ ಮಾಡಾಕತ್ತೈತಿ ಅವ್ವಾ" ಎಂದಳು. ನರ್ಸಿಂಗ್ ಓದುವವಳು, ಅವಳಿಗೆ ಹಾಗೇ ಕಾಣುತ್ತದೆ.

ನವೆಂಬರ್ ೨೧, ಗುರುವಾರ

ಗುಳಿಗೆ ನಿಲ್ಲಿಸಿದೆವು. "ದೇವರು ಕೈಗೆ ತಗೊಂಡ ಮ್ಯಾಲ ಗುಳಿಗಿ ಕೊಟ್ರ, ನಿನ್ನ ಮ್ಯಾಲ ನಂಬಿಗಿಲ್ಲ ಅಂದಂಗ ಆತಲ್ಲ" ಎಂದ ಓಬಳಪ್ಪ. ನನಗೂ ಸರಿ ಅನಿಸಿತು. ಅಷ್ಟಕ್ಕೂ ಆ ಗುಳಿಗೆಯಿಂದ ಕೊಡಗಟ್ಟಲೆ ನೀರು ಕುಡಿದು ಮನೆಯೆಲ್ಲ ಉಚ್ಚೆ ಹೊಯ್ಯುತ್ತಿದ್ದ.

ಡಿಸೆಂಬರ್ ೩, ಮಂಗಳವಾರ

ಗಂಟು ತಿರುಗಿ ಬಂದಿದೆ. ಮೊದಲಿಗಿಂತ ದಪ್ಪ.

ಡಾಕ್ಟರು ಮೇಜು ಗುದ್ದಿದಳು. "ನಡುವ ಬಿಡಬ್ಯಾಡ್ರಿ ಅಂತ ಹೇಳಿದ್ದೆ ಇಲ್ಲ ನಾನು? ಹರಕಿ ಹೊರ್ರಿ, ಯಾರು ಬ್ಯಾಡ ಅಂದಾರ? ದೇವರು ಗುಳಿಗಿ ತಿನ್ನಬ್ಯಾಡ ಅಂದನಾ?" ಓಬಳಪ್ಪ ಟವೆಲ್ಲು ಕೈಗೆ ಸುತ್ತಿಕೊಂಡು ನಿಂತಿದ್ದ. ಆಮೇಲೆ ಅವಳೇ ತಣ್ಣಗಾದಳು. "ಬಿಡದಿದ್ರೂ ಒಂದಿನ ಬರೋದ ಇತ್ತು. ಒಬ್ಬರಿಗೊಬ್ಬರು ಬೈದಾಡಿ ಇರೋ ದಿನ ಕಳೀಬ್ಯಾಡ್ರಿ."

ಬೈದಾಡದೆ ಇರಲು ನಾವೇನು ಕಲ್ಲೇ? ಮನೆ ಮುಟ್ಟುವ ತನಕ ಬೈದೆ. ನಾನೂ ಒಪ್ಪಿದ್ದೆ ಎಂಬುದು ನೆನಪಾದಾಗ ಇನ್ನೂ ಜೋರಾಗಿ ಬೈದೆ.

ಡಿಸೆಂಬರ್ ೧೨, ಗುರುವಾರ

ಮತ್ತೆ ಗುಳಿಗೆ ಶುರು ಮಾಡಿದ್ದೇವೆ, ಮೊದಲಿನಷ್ಟು ಹಿಡಿಯುತ್ತಿಲ್ಲ. ಕೆಂಚ ಡ್ಯೂಟಿಗೆ ಬರುತ್ತೇನೆಂದು ಹಟ ಮಾಡುತ್ತಾನೆ. ಕರೆದುಕೊಂಡು ಹೋಗುತ್ತೇನೆ, ಅವನ ಲೆಕ್ಕದಲ್ಲಿ ನಡೆಯುತ್ತೇನೆ, ಅವನು ನಿಂತಲ್ಲಿ ನಿಲ್ಲುತ್ತೇನೆ.

ಇವತ್ತು ಮಹಾನವಮಿ ದಿಬ್ಬದ ಬುಡದಲ್ಲಿ ನಿಂತ. ಎದುರಿಗೆ ಕಲ್ಲಿನಲ್ಲಿ ಬೇಟೆಯ ಸಾಲು. ಜಿಂಕೆ ಓಡುತ್ತಿದೆ, ಬಿಲ್ಲು ಹಿಡಿದವನು ಓಡುತ್ತಿದ್ದಾನೆ, ಅವನ ಮುಂದೆ ನಾಯಿ. ಬಾಲ ಸುರುಳಿ, ಹೊಟ್ಟೆ ಒಳಗೆ ಎಳೆದುಕೊಂಡಿದೆ, ಮುಂಗಾಲು ನೆಲಕ್ಕೆ ತಾಗಿಲ್ಲ. ಅಬ್ಬಾ! ನಾಯಿಯೊಂದನ್ನು ಚೆನ್ನಾಗಿ ಬಲ್ಲವನೇ ಕೆತ್ತಿರಬೇಕು. ಅವನ ಮನೆಯಲ್ಲೂ ಒಂದು ಇದ್ದಿರಬೇಕು, ಅವನು ಕೆತ್ತುವಾಗ ಪಕ್ಕದಲ್ಲಿ ಮಲಗಿರಬೇಕು, ಅದೂ ಒಂದು ದಿನ ಸತ್ತಿರಬೇಕು. ಹನ್ನೊಂದು ವರ್ಷ ಈ ಕಲ್ಲಿನ ಮುಂದೆ ಓಡಾಡಿದೆ. ಮುಟ್ಟುವ ಜನರನ್ನು ನೋಡಿದೆನೇ ಹೊರತು ಕಲ್ಲನ್ನು ನೋಡಲಿಲ್ಲ.

ಒಂದು ಪುಟ್ಟ ಹುಡುಗಿ ಬಂದು ಆ ಕಲ್ಲುನಾಯಿಯ ಬೆನ್ನು ಸವರಿದಳು. ಸೀಟಿ ಬಾಯಿಗೆ ಹೋಯಿತು, ಊದಲಿಲ್ಲ.

ಡಿಸೆಂಬರ್ ೧೯, ಗುರುವಾರ

ಮೂರು ದಿನದಿಂದ ಅನ್ನ ಮುಟ್ಟಿಲ್ಲ. ಕೋಳಿ ಬೇಯಿಸಿಟ್ಟೆ, ಮೂಸಿ ಮುಖ ತಿರುಗಿಸಿದ. ಡಾಕ್ಟರಿಗೆ ಫೋನ್ ಮಾಡಿದೆ. "ಉಣ್ಣೋದು ಬಿಟ್ಟ ಅಂದ್ರ ಸಂಕಟ ಶುರು ಆತು ಅಂತ ತಿಳೀರಿ ಅಕ್ಕಾ. ನೀವು ಹೂಂ ಅಂದ್ರ ಮನಿಗೇ ಬಂದು ಇಂಜೆಕ್ಷನ್ ಕೊಟ್ಟು ಕಳಿಸ್ತೀನಿ. ನೋವಾಗಲ್ಲ" ಎಂದಳು.

ಓಬಳಪ್ಪ ಸಂಡೂರಿಗೆ ಬಾಡಿಗೆ ಹೊಡೆದು ಬಂದಿದ್ದ. ಮೈಯೆಲ್ಲ ಕೆಂಪು ಧೂಳು. ಕಾಲು ತೊಳೆಯುವ ಮೊದಲೇ ಹೇಳಿಬಿಟ್ಟೆ. ಚೆಂಬು ಕೆಳಗಿಟ್ಟ.

"ಮೈಲಾರನ ನಾಯಿನ ಸೂಜಿ ಹಾಕಿ ಕೊಲ್ಲಬೇಕಾ? ನಾನೂ ನಾಯಿನ ಅದೀನಿ. ನಾಳೆ ನಾನು ಉಣ್ಣೋದು ಬಿಟ್ಟರ ನನಗೂ ಹಾಕಸ್ತೀಯೇನು?"

"ನೀನು ವರ್ಷಕ್ಕ ನಾಕು ದಿನ ಬೊಗಳ್ತಿ, ಅದೂ ಬಾಳೆಹಣ್ಣಿಗೆ! ಅವನ ಜೊತಿ ನಿನ್ನ ಸಮ ಮಾಡಬ್ಯಾಡ" ಎಂದೆ.

ಅವನ ಮುಖ ನೋಡಲಾಗಲಿಲ್ಲ. ಬಾಯಿಂದ ಬಿದ್ದದ್ದನ್ನು ಎತ್ತಿಕೊಳ್ಳಲು ಬರುವುದಿಲ್ಲವಲ್ಲ. ಇಬ್ಬರೂ ಉಣ್ಣಲಿಲ್ಲ. ಕೆಂಚನೂ ಸೇರಿ ಮೂವರೂ.

ಡಿಸೆಂಬರ್ ೨೨, ಭಾನುವಾರ

ಇದನ್ನು ಹೇಗೆ ಬರೆಯಲಿ?

ಮಧ್ಯಾಹ್ನ ಓಬಳಪ್ಪ ಆಟೋ ನಿಲ್ಲಿಸಿ ಬಂದು ಸ್ನಾನ ಮಾಡಿದ. ಅಟ್ಟದಿಂದ ದೋಣಿ ಇಳಿಸಿ ತೊಳೆದ. ಹಾಲು ಹೊಯ್ದು, ಬಾಳೆಹಣ್ಣು ಕಿವುಚಿ, ತುಪ್ಪ ಬೆಲ್ಲ ಹಾಕಿದ. "ಹರಕಿ ಫಲಿಸಿಲ್ಲಲ್ಲ" ಎಂದೆ. ಮೂರು ದಿನದಲ್ಲಿ ಆಡಿದ ಮೊದಲ ಮಾತು. "ಫಲಿಸದಿದ್ರ ದೋಣಿ ತುಂಬಸಬಾರದು ಅಂತ ಯಾರು ಹೇಳ್ಯಾರ?" ಎಂದು ಕಂಬಳಿಯ ಅಂಗಿ ತೊಟ್ಟ, ಗಂಟೆ ಕಟ್ಟಿಕೊಂಡ.

ಕೆಂಚ ಚೀಲದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನ ಮುಂದೆ ದೋಣಿ ಇಟ್ಟ. ಕೆಂಚ ಕಣ್ಣು ಮುಚ್ಚಿದ. ಓಬಳಪ್ಪ ನೆಲಕ್ಕೆ ಕೈಯೂರಿದ, ಮೊಣಕಾಲೂರಿದ. ನಾನು ಒಲೆಯ ಹತ್ತಿರ ನಿಂತಿದ್ದೆ. ಈಗ ನನಗೆ ನಗು ಬರುತ್ತದೆ, ಏನು ಮಾಡಲಿ ಎಂದು ಸೆರಗು ಬಾಯಿಗೆ ಹಿಡಿದೆ.

ನಗು ಬರಲಿಲ್ಲ. ಓಬಳಪ್ಪ ಗಂಟಲಿನೊಳಗೇ ಸಣ್ಣಗೆ "ಗುರ್" ಎಂದ. ಕೆಂಚನ ಒಂದು ಕಿವಿ ಎದ್ದಿತು. ಇವನು ದೋಣಿಗೆ ಬಾಯಿ ಹಾಕಿ ಲೊಚಲೊಚ ಹಾಲು ನೆಕ್ಕಿದ, ಕೆಂಚನ ಕಡೆ ಓರೆಗಣ್ಣಲ್ಲಿ ನೋಡಿ ಮತ್ತೆ ಗುರುಗುಟ್ಟಿದ, ಇದು ನನ್ನದು, ಹತ್ತಿರ ಬಂದೀಯಾ ಅನ್ನುವ ಹಾಗೆ. ಕೆಂಚ ತಲೆ ಎತ್ತಿದ. ಅವನ ತುಟಿ ನಡುಗಿ ಹಲ್ಲು ಕಂಡಿತು. ವಾರದಿಂದ ದನಿಯೇ ಇಲ್ಲದವನು ಗುರ್ ಎಂದ! ಎದ್ದ, ಹಿಂಗಾಲು ಜಾರಿತು, ಮತ್ತೆ ಎದ್ದ. ಬಂದು ದೋಣಿಗೆ ಮೂತಿ ಹಾಕಿದ.

ಎರಡು ತಲೆ, ಒಂದು ದೋಣಿ. ಒಬ್ಬರ ಕಪಾಳಕ್ಕೆ ಒಬ್ಬರ ಕಪಾಳ ತಾಗಿತ್ತು. ಒಳಗೆ ಬೇರೆ ಸದ್ದಿಲ್ಲ, ನೆಕ್ಕುವ ಸದ್ದು ಮಾತ್ರ. ನಾನು ಅಲ್ಲೇ ಕುಳಿತು ಕೈ ಮುಗಿದೆ. ಯಾರಿಗೆ ಮುಗಿದೆ ಎಂದು ಕೇಳಿದರೆ ಗೊತ್ತಿಲ್ಲ. ಮೈಲಾರನಿಗೋ, ಕೆಂಚನಿಗೋ, ಇವರಿಗೋ.

ಉಂಡ ಮೇಲೆ ಕೆಂಚ ಇವರ ಮೀಸೆಯ ಹಾಲನ್ನೂ ನೆಕ್ಕಿ ಮುಗಿಸಿದ.

ಡಿಸೆಂಬರ್ ೨೩, ಸೋಮವಾರ

ಇವತ್ತೂ ಉಂಡ. ಇವರ ಜೊತೆ.

ಡಿಸೆಂಬರ್ ೨೭, ಶುಕ್ರವಾರ

ಇವರು ದಿನಾ ಊಟದ ಹೊತ್ತಿಗೆ ಬಾಡಿಗೆ ಬಿಟ್ಟು ಓಡಿ ಬರುತ್ತಾರೆ. ಇವತ್ತು ಹಂಪಿ ಬಜಾರಿನಲ್ಲಿ ಗಿರಾಕಿಯನ್ನೇ ಇಳಿಸಿ ಬಂದರಂತೆ. "ಏನಂತ ಹೇಳಿದ್ರಿ ಅವರಿಗೆ?" ಎಂದೆ. "ಮನ್ಯಾಗ ಊಟಕ್ಕ ಕಾಯಾಕತ್ತಾರ ಅಂದೆ" ಎಂದು ಖಾಕಿ ಅಂಗಿ ಕಳಚಿ ನೆಲಕ್ಕೆ ಕುಳಿತರು. ಇಬ್ಬರೂ ನಕ್ಕೆವು. ಎಷ್ಟು ದಿನವಾಗಿತ್ತು ನಕ್ಕು!

ಕೆಂಚನಿಗೆ ನಡೆಯಲಾಗುವುದಿಲ್ಲ. ಆದರೂ ದೋಣಿ ಇಡುವ ಸದ್ದಿಗೆ ಬಾಲ ಆಡುತ್ತದೆ. ಅಷ್ಟೊಂದು ನೋವು ತುಂಬಿದ ಮೈಯಲ್ಲಿ ಸಂತೋಷಕ್ಕೆ ಎಲ್ಲಿ ಜಾಗ ಇಟ್ಟಿದ್ದಾನೋ!

ಡಿಸೆಂಬರ್ ೩೧, ಮಂಗಳವಾರ

ಬೆಳಗಿನಿಂದ ಉಸಿರಿಗೆ ಒದ್ದಾಡುತ್ತಿದ್ದಾನೆ. ಕತ್ತಿನ ಗಂಟು ಒಳಗೆ ಒತ್ತುತ್ತಿದೆ. ಇಂಜೆಕ್ಷನ್ನಿನ ಮಾತನ್ನು ನಾನು ತೆಗೆಯಲಿಲ್ಲ. ಇವರೇ ಬಂದು ಬಾಗಿಲ ಹತ್ತಿರ ಕುಳಿತರು.

"ದೋಣಿ ಇಟ್ಟೆ, ಗುರ್ ಅಂದೆ. ಅಂವ ಏಳಾಕ ನೋಡಿದ ಸುಧಾ. ಉಸಿರು ಸಿಗದಿದ್ರೂ ಏಳಾಕ ನೋಡಿದ, ನಾ ಕರದೆ ಅಂತ. ನಾನು ಕರಿಯಾಕತ್ತೀನಿ ಅಂತ ಅಂವ ಜೀವ ಹಿಡಕಂಡಾನ. ಸಾಕು. ಡಾಕ್ಟರಮ್ಮಗ ಫೋನ್ ಹಚ್ಚು."

"ಮೈಲಾರ?" ಎಂದೆ.

"ಸಂಕಟ ಪಡಸು ಅಂತ ಮೈಲಾರ ನನಗ ಎಂದೂ ಹೇಳಿಲ್ಲ. ಹೇಳಿದಾಂವ ನಾನು."

ಜನವರಿ ೧, ಬುಧವಾರ

ಬೆಳಗ್ಗೆ ಒಂಬತ್ತಕ್ಕೆ ಡಾಕ್ಟರು ಬಂದಳು. ಚಪ್ಪಲಿ ಹೊರಗೆ ಬಿಟ್ಟು ಬಂದಳು. ಇವರು ಕಂಬಳಿ ಹಾಸಿ ಕೆಂಚನನ್ನು ಮಲಗಿಸಿ, ಹಣೆಗೆ ಭಂಡಾರ ಹಚ್ಚಿದರು. ತಲೆ ನನ್ನ ತೊಡೆಯ ಮೇಲಿತ್ತು. ಮೊದಲು ನಿದ್ದೆ ಬರುವ ಸೂಜಿ. ಒದ್ದಾಟ ನಿಂತಿತು. ಎಷ್ಟೋ ದಿನದ ಮೇಲೆ ಅವನ ಹುಬ್ಬು ಸಡಿಲವಾದದ್ದು ನೋಡಿದೆ, ಮರಿಯಾಗಿದ್ದಾಗ ಮಲಗುತ್ತಿದ್ದ ಮುಖವೇ. ಆಮೇಲೆ ಇನ್ನೊಂದು.

ಅವನ ಪಕ್ಕೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಒಂದು ಉಸಿರು ಬಂತು, ಹೋಯಿತು. ಮುಂದಿನದಕ್ಕೆ ಕಾದೆ. ಇಷ್ಟು ಸದ್ದಿಲ್ಲದೆ ಹೋಗುತ್ತದೆಯೇ ಜೀವ? ಬಾಗಿಲು ತೆಗೆದದ್ದು ಗೊತ್ತಾಗಲಿಲ್ಲ, ಹಾಕಿದ್ದು ಗೊತ್ತಾಗಲಿಲ್ಲ. ಅಳುವುದನ್ನೂ ಮರೆತು ಅವನನ್ನೇ ನೋಡುತ್ತಿದ್ದೆ. ಡಾಕ್ಟರೇ ಮೊದಲು ಅತ್ತಳು.

ಹಿತ್ತಿಲಲ್ಲಿ ಇವರೇ ಗುಂಡಿ ತೋಡಿದರು. ಯಾರಿಗೂ ಗುದ್ದಲಿ ಕೊಡಲಿಲ್ಲ.

ಜನವರಿ ೭, ಮಂಗಳವಾರ

ಡ್ಯೂಟಿಗೆ ಹೋಗಿ ಬರುತ್ತಿದ್ದೇನೆ. ಸ್ಕೂಟಿಯಲ್ಲಿ ಕಾಲಿಡಲು ಎಷ್ಟೊಂದು ಜಾಗ.

ಇವರು ಉಣ್ಣುತ್ತಿಲ್ಲ. ಎರಡು ತುತ್ತು, ಕೈ ತೊಳೆಯುವುದು.

ಜನವರಿ ೧೪, ಮಂಗಳವಾರ

ಕಂಪ್ಲಿ ಕಡೆಯ ಎಮ್ಮಿಗನೂರಿನಿಂದ ತಾಯಪ್ಪ ಅನ್ನುವ ರೈತರು ಬಂದಿದ್ದರು. ಅವರ ಮನೆಯಲ್ಲಿ ಭಾನುವಾರ ದೋಣಿ ತುಂಬಿಸುತ್ತಾರಂತೆ, ಗೊರವಯ್ಯ ಬರಬೇಕು. ಇವರು ಆಗುವುದಿಲ್ಲ ಎಂದರು. ತಾಯಪ್ಪ ಹೋದ ಮೇಲೆ ಕೇಳಿದೆ.

"ದನಿ ಬರವಲ್ದು ಸುಧಾ. ಆಟೋದಾಗ ಒಬ್ಬನ ಇದ್ದಾಗ ನೋಡಿದೆ. ಬೊಗಳಾಕ ಹೋದ್ರ ಇಲ್ಲೇ ಕಟ್ಟತೈತಿ" ಎಂದು ಗಂಟಲು ಮುಟ್ಟಿ ತೋರಿಸಿದರು. ಮೈ ಇಳಿದುಹೋಗಿದೆ. ಕುತ್ತಿಗೆಯ ಎಲುಬು ಕಾಣುತ್ತದೆ. ನನಗೆ ಹೆದರಿಕೆಯಾಯಿತು. ಒಬ್ಬನನ್ನು ಮಣ್ಣು ಮಾಡಿ ಇನ್ನೂ ಹದಿನೈದು ದಿನ ಆಗಿಲ್ಲ.

"ಬರ್ತೀವಿ ಅಂತ ಹೇಳಿ ಕಳಿಸ್ರಿ. ನಾನೂ ಬರ್ತೀನಿ" ಎಂದೆ. ಇವರು ನನ್ನ ಮುಖವನ್ನೇ ನೋಡಿದರು. ನಾನು ರೊಟ್ಟಿ ತಟ್ಟಲು ಹೋದೆ.

ಜನವರಿ ೧೯, ಭಾನುವಾರ

ಎಮ್ಮಿಗನೂರಿನಿಂದ ಈಗ ಬಂದೆವು.

ತಾಯಪ್ಪನವರ ಅಂಗಳದ ತುಂಬ ಜನ. ನಡುವೆ ದೋಣಿ. ಇನ್ನಿಬ್ಬರು ಗೊರವರು ಬಂದಿದ್ದರು. "ಏಳು ಕೋಟಿಗೋ" ಎಂದು ಮೈಲಾರನ ಹೆಸರಿನ ಕೂಗು ಎದ್ದಿತು. ಆ ಇಬ್ಬರು ಬೊಗಳಿದರು, ಕುಣಿದರು, ನೆಲಕ್ಕೆ ಬಿದ್ದರು. ಇವರು ಗಂಟೆ ಹಿಡಿದು ನಿಂತೇ ಇದ್ದರು. ಬಾಯಿ ತೆರೆಯುತ್ತಿತ್ತು, ದನಿ ಇಲ್ಲ. ಪಕ್ಕದಲ್ಲಿದ್ದ ಮುದುಕಿ "ಯಾಕವ್ವಾ, ನಿನ್ನ ಗಂಡಗ ಮೈಯಾಗ ಆರಾಮಿಲ್ಲೇನು?" ಎಂದಳು. ಹೋಗಿ ಕೈ ಹಿಡಿದು ಕರೆತಂದುಬಿಡಲೇ ಎಂದು ಒಂದು ಹೆಜ್ಜೆ ಇಟ್ಟೂ ಬಿಟ್ಟಿದ್ದೆ.

ಅಷ್ಟರಲ್ಲಿ ಇವರು ನೆಲಕ್ಕೆ ಕೈಯೂರಿದರು. ತಲೆ ಮೇಲೆತ್ತಿದರು. ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ, ಕೊನೆಗೆ ಮೂಗಿನಲ್ಲಿ ಸಣ್ಣ ರಾಗ.

ಕೆಂಚ!

ಡ್ಯೂಟಿ ಮುಗಿದರೂ ನಾನು ಯಾರಿಗೋ ಬೈಯುತ್ತ ನಿಂತಿದ್ದರೆ, ಸ್ಕೂಟಿಯ ಪಕ್ಕ ಕುಳಿತು ಹೀಗೇ ಕರೆಯುತ್ತಿದ್ದ. ಪಾರ್ಕಿಂಗಿನಲ್ಲಿ ಗಿರಾಕಿಗೆ ಕಾಯುತ್ತ ಇವರೂ ಎಂದೋ ಕೇಳಿಸಿಕೊಂಡಿರಬೇಕು. ಅಥವಾ ಕೇಳಿಯೇ ಇಲ್ಲವೋ. ಅಷ್ಟು ಜನರ ನಡುವೆ, ಗಂಡನ ಎದುರಿಗೆ, ಕೆಂಚನಿಗೆ ದಿನಾ ಕೊಡುತ್ತಿದ್ದ ಉತ್ತರವನ್ನೇ ನನ್ನ ಬಾಯಿ ಕೂಗಿತು.

"ಬಂದೆ ತಡೀಲೇ!"

ಅಂಗಳವೆಲ್ಲ ನನ್ನ ಕಡೆ ತಿರುಗಿತು. ಇವರೂ ತಿರುಗಿದರು. ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ನನಗೂ. ಮತ್ತೆ ಒಂದು ಸಲ ಅದೇ ದನಿಯಲ್ಲಿ ಕರೆದರು. ಆಮೇಲೆ ಬಾಗಿ ದೋಣಿಗೆ ಬಾಯಿ ಹಾಕಿದರು. ನಾನು ಹತ್ತಿರ ಹೋಗಿ ಕುಳಿತೆ. ತಳ ಕಾಣುವ ತನಕ ಉಂಡರು.